ಯೂಕ್ಲಿಡ್ ಕೇಳಿಕೊಂಡ ಐದನೆಯ ಮಾತು

ಅಕ್ಕನ ಮಗಳು ದಸರಾ ರಜೆಗೆ ಬಂದಿದ್ದಳು. ಈ ವರ್ಷ ಒಂಬತ್ತನೇ ಕ್ಲಾಸು. ಒಂದು ಮಧ್ಯಾಹ್ನ ಊಟ ಆದ ಮೇಲೆ ಗಣಿತದ ನೋಟ್‌ಬುಕ್ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ತೆರೆದಿದ್ದ ಪುಟದಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಅನ್ನುವ ಪ್ರಮೇಯ. ದತ್ತ, ಸಾಧನೀಯ, ರಚನೆ, ಸಾಧನೆ. ನಾವು ಬರೆಯುತ್ತಿದ್ದ ಹಾಗೇ ಈಗಲೂ ಬರೆಸುತ್ತಾರೆ.

“ಮಾಮ, ಇದು ಬಾಯಿಪಾಠ ಆಗಿದೆ. ಆದ್ರೆ ಒಂದು ಕಡೆ ಮನಸ್ಸು ಒಪ್ತಾ ಇಲ್ಲ” ಅಂದಳು.

ಸಾಧನೆ ಚಿಕ್ಕದು. ತ್ರಿಭುಜದ ಮೇಲಿನ ತುದಿಯಲ್ಲಿ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಬೇಕು. ಪರ್ಯಾಯ ಕೋನಗಳು ಸಮ ಆಗಿರುವುದರಿಂದ ಕೆಳಗಿನ ಎರಡು ಕೋನಗಳೂ ಮೇಲೆ ಬಂದು ಕೂರುತ್ತವೆ. ಮೂರೂ ಸೇರಿ ಒಂದು ನೇರ ಗೆರೆ ಆಗುತ್ತದೆ. ಅಲ್ಲಿಗೆ ಮುಗಿಯಿತು.

“ಪರ್ಯಾಯ ಕೋನ ಯಾಕೆ ಸಮ?”

“ಅನುರೂಪ ಕೋನಗಳು ಸಮ ಅಲ್ವಾ, ಅದಕ್ಕೆ.”

“ಅವು ಯಾಕೆ ಸಮ?”

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ನಾಲ್ಕು ಪುಟ ಹಿಂದಕ್ಕೆ ತಿರುಗಿಸಿ ತೋರಿಸಿದಳು. ‘ಸ್ವಯಂಸಿದ್ಧ’ ಅಂತ ಬರೆದಿತ್ತು. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು.

“ಅಂದ್ರೆ ಇದನ್ನ ಯಾರೂ ಸಾಧಿಸಿಲ್ಲ ಅಂತ ತಾನೆ?”

ಅದೇ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿದ್ದೆ. ‘ಸ್ವಯಂಸಿದ್ಧ ಅಂದ್ರೆ ತಾನಾಗಿಯೇ ಸಿದ್ಧವಾದದ್ದು, ಕಣ್ಣಿಗೆ ಕಾಣ್ತಾ ಇಲ್ವಾ, ಕೂತ್ಕೋ’ ಅನ್ನುವ ಉತ್ತರ ಸಿಕ್ಕಿತ್ತು. ಕೂತುಕೊಂಡೆ. ಆದರೆ ಕಣ್ಣಿಗೆ ಕಾಣುವುದೇ ಸಾಕು ಅಂದಮೇಲೆ ಉಳಿದ ಪ್ರಮೇಯಗಳನ್ನೆಲ್ಲ ಯಾಕೆ ಸಾಧಿಸಬೇಕು? ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಅನ್ನುವುದೂ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಒಂದು ಪುಟ ಸಾಧನೆ, ಇದಕ್ಕೆ ಬರೀ ಒಂದು ಪದ. ಈ ತಾರತಮ್ಯ ಯಾಕೆ ಅನ್ನುವುದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಅವಳಿಗೆ ಅಷ್ಟು ಕಾಯಿಸಬಾರದು ಅನ್ನಿಸಿತು. ಆ ಮಧ್ಯಾಹ್ನ ಹೇಳಿದ್ದನ್ನು, ಹೇಳಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಯಾಕೆ’ ಅನ್ನುವ ಪ್ರಶ್ನೆಗೆ ಕೊನೆಯಿಲ್ಲ. ಒಂದು ಮಾತಿಗೆ ಇನ್ನೊಂದು ಮಾತು ಆಧಾರ, ಅದಕ್ಕೆ ಮತ್ತೊಂದು. ಹೀಗೇ ಹಿಂದೆ ಹಿಂದೆ ಹೋದರೆ ಮೂರೇ ದಾರಿ. ಎಲ್ಲೂ ನಿಲ್ಲದೆ ಹೋಗುತ್ತಲೇ ಇರಬಹುದು. ಇಲ್ಲವೇ ಸುತ್ತಿ ಬಳಸಿ ಹೊರಟ ಜಾಗಕ್ಕೇ ಬಂದುಬಿಡಬಹುದು. ಇಲ್ಲವೇ ಒಂದು ಕಡೆ ನಿಂತು, ಇಲ್ಲಿಂದ ಶುರು ಅನ್ನಬಹುದು. ನಮ್ಮ ತರ್ಕಶಾಸ್ತ್ರದವರು ಮೊದಲನೆಯದನ್ನು ಅನವಸ್ಥೆ ಅಂತಲೂ, ಎರಡನೆಯದನ್ನು ಅನ್ಯೋನ್ಯಾಶ್ರಯ ಅಂತಲೂ ಕರೆದು ಎರಡನ್ನೂ ದೋಷಗಳ ಪಟ್ಟಿಗೆ ಸೇರಿಸಿದರು. ಗ್ರೀಸಿನಲ್ಲಿ ಅರಿಸ್ಟಾಟಲ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾನೆ, ಎಲ್ಲವನ್ನೂ ಸಾಧಿಸುತ್ತೇನೆ ಅನ್ನುವುದು ಆಗದ ಮಾತು ಅಂತ. ಹಾಗಾಗಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ನಿಲ್ಲಬೇಕು, ನಿಲ್ಲುವಾಗ ಏನು ಹೇಳಿ ನಿಲ್ಲಬೇಕು ಅನ್ನುವುದರಲ್ಲಿದೆ ಸ್ವಾರಸ್ಯ.

ಯೂಕ್ಲಿಡ್ ನಿಂತ ರೀತಿ ನನಗೆ ತುಂಬಾ ಇಷ್ಟ. ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಅವನು 13 ಭಾಗಗಳ ‘ಎಲಿಮೆಂಟ್ಸ್’ ಬರೆದ. ಮೊದಲ ಭಾಗದ ಆರಂಭದಲ್ಲಿ 23 ವ್ಯಾಖ್ಯೆಗಳಿವೆ. ಅದಾದ ಮೇಲೆ ಐದು ಮಾತು ಬರುತ್ತವೆ. ಆ ಐದಕ್ಕೂ ಮುಂಚೆ ಅವನು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ‘ಕೇಳಿಕೊಳ್ಳುವುದು’ ಅಂತ ಅರ್ಥ. ಇದು ಸತ್ಯ, ಇದು ತಾನಾಗಿಯೇ ಸಿದ್ಧ ಅಂತ ಅವನು ಹೇಳುತ್ತಿಲ್ಲ. ಇಷ್ಟನ್ನು ನನಗೆ ಬಿಟ್ಟುಕೊಡಿ, ಮಿಕ್ಕಿದ್ದನ್ನು ನಾನು ಮಾಡಿ ತೋರಿಸುತ್ತೇನೆ ಅನ್ನುತ್ತಿದ್ದಾನೆ. ಸಮಕ್ಕೆ ಸಮ ಕೂಡಿಸಿದರೆ ಸಮ ಅನ್ನುವಂಥ ಸಾಮಾನ್ಯ ತಿಳುವಳಿಕೆಯ ಮಾತುಗಳನ್ನು ಆಮೇಲೆ ಬೇರೆಯಾಗಿಯೇ ಕೊಡುತ್ತಾನೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಎರಡನೆಯ ಬಗೆಯದಕ್ಕೆ ಸ್ವಯಂಸಿದ್ಧ ಅಂತಲೂ, ಮೊದಲನೆಯದಕ್ಕೆ ಆಧಾರ ಪ್ರತಿಜ್ಞೆ ಅಂತಲೂ ಹೆಸರಿದೆ. ಆಧಾರ ಪ್ರತಿಜ್ಞೆ ಎಷ್ಟು ಒಳ್ಳೆಯ ಪದ! ಅದರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅವನು ಒಂದು ಮಾತು ಕೊಟ್ಟು ಅದಕ್ಕೆ ಬದ್ಧನಾಗಿ ನಿಂತಿದ್ದಾನೆ. ಆದರೆ ತರಗತಿಯಲ್ಲಿ ಎರಡನ್ನೂ ಸೇರಿಸಿ ಸ್ವಯಂಸಿದ್ಧ ಅಂದುಬಿಡುತ್ತೇವೆ. ಅಲ್ಲಿಗೆ ಪ್ರಶ್ನೆ ಕೇಳುವ ಬಾಗಿಲು ಮುಚ್ಚುತ್ತದೆ.

ಯೂಕ್ಲಿಡ್ ಕೇಳಿಕೊಂಡ ಮೊದಲ ನಾಲ್ಕು ಸಣ್ಣವು. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯಬಹುದು. ಆ ಗೆರೆಯನ್ನು ಮುಂದಕ್ಕೆ ಬೆಳೆಸಬಹುದು. ಬೇಕಾದ ಕಡೆ ಕೇಂದ್ರ ಇಟ್ಟು, ಬೇಕಾದ ತ್ರಿಜ್ಯದಲ್ಲಿ ವೃತ್ತ ಬರೆಯಬಹುದು. ಲಂಬಕೋನಗಳೆಲ್ಲ ಒಂದಕ್ಕೊಂದು ಸಮ. ಐದನೆಯದು ಮಾತ್ರ ಉದ್ದ: ಎರಡು ಗೆರೆಗಳನ್ನು ಮೂರನೆಯ ಗೆರೆ ಕತ್ತರಿಸಿದಾಗ ಒಂದೇ ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆ ಇದ್ದರೆ, ಆ ಎರಡು ಗೆರೆಗಳನ್ನು ಬೆಳೆಸುತ್ತಾ ಹೋದಾಗ ಅದೇ ಪಕ್ಕದಲ್ಲಿ ಸೇರುತ್ತವೆ.

ಓದುವಾಗಲೇ ಇದು ಬೇರೆ ಜಾತಿಯದು ಅನ್ನಿಸುತ್ತದೆ, ಅಲ್ವಾ? ಮೊದಲ ನಾಲ್ಕು ಕೈಗೆಟುಕುವ ಮಾತುಗಳು. ಐದನೆಯದು ಎಲ್ಲೋ ದೂರದಲ್ಲಿ, ಕಾಗದದಿಂದ ಆಚೆ, ಕಣ್ಣಿಗೆ ಕಾಣದ ಕಡೆ ನಡೆಯುವುದರ ಬಗ್ಗೆ ಭರವಸೆ ಕೊಡುತ್ತದೆ. ಯೂಕ್ಲಿಡ್‌ಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಮೊದಲ ಭಾಗದ 28 ಪ್ರಮೇಯಗಳವರೆಗೆ ಅವನು ಐದನೆಯದನ್ನು ಮುಟ್ಟುವುದೇ ಇಲ್ಲ. 29ನೆಯದಕ್ಕೆ ಬಂದಾಗ ಬೇರೆ ದಾರಿಯಿಲ್ಲದೆ ಬಳಸುತ್ತಾನೆ. ಆ 29ನೆಯದು ಯಾವುದು ಅಂತೀರಿ? ಸಮಾಂತರ ರೇಖೆಗಳಲ್ಲಿ ಪರ್ಯಾಯ ಕೋನಗಳು, ಅನುರೂಪ ಕೋನಗಳು ಸಮ ಅನ್ನುವುದು. ಪುಟ್ಟಿ ಬೆರಳಿಟ್ಟು ತೋರಿಸಿದ ಜಾಗವೇ ಅದು.

ಅವನ ನಂತರ ಬಂದವರಿಗೆ ಇದು ಮುಳ್ಳಿನ ಹಾಗೆ ಚುಚ್ಚಿತು. ಐದನೇ ಶತಮಾನದಲ್ಲಿ ಪ್ರೊಕ್ಲಸ್, ಇದನ್ನು ಪ್ರತಿಜ್ಞೆಗಳ ಸಾಲಿನಿಂದ ಹೊಡೆದು ಹಾಕಬೇಕು, ಇದು ಪ್ರಮೇಯ, ಇದಕ್ಕೆ ಸಾಧನೆ ಇರಲೇಬೇಕು ಅಂದ. ತಾನೇ ಒಂದು ಸಾಧನೆಯನ್ನೂ ಕೊಟ್ಟ. ಅದನ್ನು ನಿಧಾನವಾಗಿ ಓದಿದರೆ, ಸೇರದ ಎರಡು ಗೆರೆಗಳ ನಡುವಿನ ಅಂತರ ಮಿತಿಮೀರಿ ಬೆಳೆಯುವುದಿಲ್ಲ ಅಂತ ಮಧ್ಯದಲ್ಲಿ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದಾನೆ. ಅದನ್ನು ಹೇಳಿದವರು ಯಾರು? ಆ ಒಪ್ಪಿಗೆಯ ಒಳಗೇ ಐದನೆಯ ಮಾತು ಅಡಗಿ ಕೂತಿತ್ತು. 11ನೇ ಶತಮಾನದಲ್ಲಿ ಓಮರ್ ಖಯ್ಯಾಮ್, 13ನೆಯದರಲ್ಲಿ ನಾಸಿರುದ್ದೀನ್ ತೂಸಿ ಪ್ರಯತ್ನಿಸಿದರು. (ತೂಸಿಯ ಅರಬ್ಬಿ ಪಾಠದಿಂದಲೇ 18ನೇ ಶತಮಾನದ ಮೊದಲ ಭಾಗದಲ್ಲಿ ಜೈಪುರದ ಜಯಸಿಂಹನ ಆಸ್ಥಾನದ ಜಗನ್ನಾಥ ಪಂಡಿತ ಯೂಕ್ಲಿಡ್‌ನನ್ನು ಸಂಸ್ಕೃತಕ್ಕೆ ತಂದು ‘ರೇಖಾಗಣಿತ’ ಅಂತ ಹೆಸರಿಟ್ಟ. ನಾವು ಶಾಲೆಯಲ್ಲಿ ಹೇಳುವ ಪದವೂ ಅದೇ.) 1663ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ವಾಲಿಸ್ ಇನ್ನೊಂದು ಸಾಧನೆ ಕೊಟ್ಟ. ಯಾವುದೇ ತ್ರಿಭುಜವನ್ನು ಆಕಾರ ಕೆಡದ ಹಾಗೆ ಎಷ್ಟು ಬೇಕಾದರೂ ಹಿಗ್ಗಿಸಬಹುದು ಅನ್ನುವುದನ್ನು ಅವನು ಆಧಾರ ಮಾಡಿಕೊಂಡಿದ್ದ. ಜೆರಾಕ್ಸ್ ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ, ಇದರಲ್ಲೇನು ಅನುಮಾನ ಅನ್ನಿಸುತ್ತದೆ. ಆದರೆ ಅದೂ ಐದನೆಯ ಮಾತೇ, ವೇಷ ಮಾತ್ರ ಬೇರೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಇವರೆಲ್ಲ ದಡ್ಡರಲ್ಲ, ಅವರವರ ಕಾಲದ ದೊಡ್ಡ ತಲೆಗಳು. ಸುಳ್ಳು ಹೇಳುವ ಉದ್ದೇಶವೂ ಇರಲಿಲ್ಲ. ಆದರೂ ಪ್ರತಿಯೊಬ್ಬರ ಸಾಧನೆಯಲ್ಲೂ ಒಂದು ಸಾಲು ಕದ್ದು ಒಳಗೆ ಬಂದಿತ್ತು. ಕದ್ದು ಬಂದದ್ದು ಅವರಿಗೇ ತಿಳಿಯಲಿಲ್ಲ, ಯಾಕೆಂದರೆ ಅದು ಅಷ್ಟು ಸಹಜವಾಗಿತ್ತು. ನಮ್ಮ ಅನುಮಾನ ಸಹಜವಾದದ್ದನ್ನು ತಡೆದು ಕೇಳುವುದಿಲ್ಲ. ಮನೆಗೆ ದಿನಾ ಬರುವ ನೆಂಟನನ್ನು ಬಾಗಿಲಲ್ಲಿ ನಿಲ್ಲಿಸಿ ಯಾರು ಅಂತ ಕೇಳುತ್ತೇವೆಯೇ? ಪ್ರತಿಜ್ಞೆಗಳನ್ನು ಮೊದಲೇ ಪಟ್ಟಿ ಮಾಡಿ ಇಡುವುದು ಈ ಕಾರಣಕ್ಕೇ. ಪಟ್ಟಿಯಲ್ಲಿ ಇಲ್ಲದ ಮಾತನ್ನು ಬಳಸಿದರೆ, ಎಷ್ಟೇ ಸಹಜವಾಗಿ ಕಂಡರೂ, ಅದು ಸಿಕ್ಕಿಬೀಳಬೇಕು.

ಇಟಲಿಯ ಪಾದ್ರಿ ಸಕ್ಕೇರಿ ಎಲ್ಲರಿಗಿಂತ ದೂರ ಹೋದ. 1733ರಲ್ಲಿ ಪ್ರಕಟವಾದ ಅವನ ಪುಸ್ತಕದ ಉಪಾಯ ಬೇರೆ. ಐದನೆಯ ಮಾತು ಸುಳ್ಳು ಅಂತಲೇ ಇಟ್ಟುಕೊಳ್ಳೋಣ, ಎಲ್ಲಿಯಾದರೂ ವಿರೋಧ ಬಂದೇ ಬರುತ್ತದೆ, ಆಗ ಅದು ನಿಜ ಅಂತ ಸಾಧಿಸಿದ ಹಾಗೆ. ಹೊರಟ. ವಿಚಿತ್ರ ಪ್ರಮೇಯಗಳು ಒಂದರ ಹಿಂದೊಂದು ಬಂದವು. ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ. ನಾಲ್ಕೂ ಮೂಲೆ ಲಂಬಕೋನ ಆಗಿರುವ ಒಂದೇ ಒಂದು ಚತುರ್ಭುಜವೂ ಇಲ್ಲ. ಎಲ್ಲವೂ ವಿಚಿತ್ರ, ಆದರೆ ಯಾವುದೂ ಇನ್ನೊಂದರ ಜೊತೆ ಜಗಳ ಆಡಲಿಲ್ಲ. ಕೊನೆಗೆ ಸಕ್ಕೇರಿ, ಇದು ಸರಳ ರೇಖೆಯ ಸ್ವಭಾವಕ್ಕೇ ವಿರುದ್ಧ ಅಂತ ಬರೆದು ನಿಲ್ಲಿಸಿಬಿಟ್ಟ. ಅದೇ ವರ್ಷ ತೀರಿಕೊಂಡ. ಹೊಸ ಲೋಕದ ಒಳಗೇ ಅಷ್ಟು ದೂರ ನಡೆದವನು ಅದನ್ನು ಲೋಕ ಅಂತ ಗುರುತಿಸಲಿಲ್ಲ.

ಮುಂದಿನ ಕಥೆ ಒಬ್ಬ ಅಪ್ಪ ಮತ್ತು ಮಗನದು. ಹಂಗೇರಿಯ ಫಾರ್ಕಾಷ್ ಬೊಯಾಯ್ ಗಣಿತದ ಮೇಷ್ಟ್ರು, ಆ ಕಾಲದ ಬಹು ದೊಡ್ಡ ಗಣಿತಜ್ಞ ಗೌಸ್‌ನ ಗೆಳೆಯ, ಜರ್ಮನಿಯ ಗಟ್ಟಿಂಗನ್‌ನಲ್ಲಿ ಜೊತೆಗೆ ಓದಿದವರು. ತನ್ನ ಜೀವನದ ಒಳ್ಳೆಯ ವರ್ಷಗಳನ್ನು ಐದನೆಯ ಮಾತಿನ ಸಾಧನೆ ಹುಡುಕುತ್ತಾ ಕಳೆದಿದ್ದ. ಮಗ ಯಾನೋಶ್ ಅದೇ ದಾರಿ ಹಿಡಿದಿದ್ದಾನೆ ಅಂತ ತಿಳಿದಾಗ, 1820ರಲ್ಲಿ ಅವನಿಗೆ ಕಾಗದ ಬರೆದ. ಸಮಾಂತರ ರೇಖೆಗಳ ತಂಟೆಗೆ ಹೋಗಬೇಡ, ಆ ದಾರಿಯನ್ನು ಕೊನೆಯವರೆಗೂ ನಾನು ನಡೆದು ನೋಡಿದ್ದೇನೆ, ಆ ತಳವಿಲ್ಲದ ಕತ್ತಲಲ್ಲಿ ನನ್ನ ಬದುಕಿನ ಬೆಳಕೂ ಸಂತೋಷವೂ ಆರಿಹೋದವು ಅಂತ ಅದರಲ್ಲಿ ಬೇಡಿಕೊಂಡಿದ್ದಾನೆ. ಮಗನನ್ನು ಯುದ್ಧಕ್ಕೆ ಕಳಿಸುವ ಅಪ್ಪ ಬರೆಯುವ ಹಾಗಿದೆ ಆ ಕಾಗದ.

ಮಗ ಕೇಳಲಿಲ್ಲ. 1823ರ ನವೆಂಬರ್ 3ರಂದು ತೆಮೆಷ್ವಾರ್‌ನಿಂದ ಅಪ್ಪನಿಗೆ ಉತ್ತರ ಬರೆದ. ಆಗ ಅವನು ಸೈನ್ಯದಲ್ಲಿ ಎಂಜಿನಿಯರ್, ವಯಸ್ಸು ಇನ್ನೂ 20. ಏನೂ ಇಲ್ಲದ ಕಡೆಯಿಂದ ಹೊಸದೊಂದು ವಿಚಿತ್ರ ಲೋಕವನ್ನು ಸೃಷ್ಟಿ ಮಾಡಿದ್ದೇನೆ ಅಂತ ಅದರಲ್ಲಿದೆ. ಅವನು ಐದನೆಯ ಮಾತನ್ನು ಸಾಧಿಸಲು ಹೋಗಲಿಲ್ಲ. ಅದನ್ನು ಪಕ್ಕಕ್ಕೆ ಇಟ್ಟ. ಯಾವ ಪ್ರಮೇಯಗಳಿಗೆ ಅದು ಬೇಕೇ ಇಲ್ಲ, ಯಾವುದಕ್ಕೆ ಬೇಕು, ಅದರ ಬದಲು ಬೇರೆ ಮಾತು ಇಟ್ಟುಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ನೋಡಿದ. ಅಪ್ಪನ ಮನಸ್ಸೂ ಬದಲಾಯಿತು. ಬೇಗ ಪ್ರಕಟಿಸು, ವಸಂತ ಬಂದಾಗ ಹೂವು ಎಲ್ಲ ಕಡೆ ಒಟ್ಟಿಗೇ ಅರಳುವ ಹಾಗೆ ಕೆಲವು ವಿಷಯಗಳೂ ಒಂದೇ ಕಾಲಕ್ಕೆ ಹಲವು ಕಡೆ ಹೊಳೆಯುತ್ತವೆ ಅಂತ ಅವಸರ ಮಾಡಿದ. ಅವನ ಮಾತು ನಿಜವಾಯಿತು. 1829ರಲ್ಲೇ ರಷ್ಯಾದ ಕಜಾನ್‌ನಲ್ಲಿ ಲೊಬಚೆವ್‌ಸ್ಕಿ ಇದೇ ರೇಖಾಗಣಿತವನ್ನು ಪ್ರಕಟಿಸಿದ್ದ. ಇವರಿಗೆ ಅದು ಗೊತ್ತಿರಲಿಲ್ಲ.

ಯಾನೋಶ್‌ನ ಬರಹ 1832ರಲ್ಲಿ ಅಪ್ಪನ ಪುಸ್ತಕದ ಅನುಬಂಧವಾಗಿ ಬಂತು. ಬರೀ ಇಪ್ಪತ್ತು ಚಿಲ್ಲರೆ ಪುಟ. ಅಪ್ಪ ಹೆಮ್ಮೆಯಿಂದ ಗೆಳೆಯನಿಗೆ ಕಳಿಸಿದ. ಗೌಸ್, ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡ ಹಾಗಾಗುತ್ತದೆ, ನಾನೂ ಬಹಳ ವರ್ಷದಿಂದ ಇದನ್ನೇ ಯೋಚಿಸಿದ್ದೇನೆ ಅಂತ ಬರೆದ. ಗೌಸ್ ಹೇಳಿದ್ದು ಸುಳ್ಳಲ್ಲ. ಆದರೆ ತಾನು ಕಂಡದ್ದನ್ನು ಅವನು ಪ್ರಕಟಿಸಿರಲಿಲ್ಲ. ಪ್ರಕಟಿಸುವ ಧೈರ್ಯ ಮಾಡಿದ ಹುಡುಗನಿಗೆ ಬೆನ್ನು ತಟ್ಟುವ ಒಂದು ಮಾತನ್ನು ಇನ್ನೂ ಜೋರಾಗಿ, ಊರಿಗೆಲ್ಲ ಕೇಳುವ ಹಾಗೆ ಹೇಳಬಹುದಿತ್ತು. ಆ ಕಾಗದದಿಂದ ಯಾನೋಶ್‌ಗೆ ಆದ ನೋವು ಬೇಗ ಮಾಸಲಿಲ್ಲ. 1860ರಲ್ಲಿ ಅವನು ತೀರಿಕೊಂಡಾಗ ಅವನ ಲೋಕವನ್ನು ನಂಬಿದವರು ಬಹಳ ಕಡಿಮೆ.

ಇಲ್ಲಿಯವರೆಗೆ ಕೇಳಿದ ಪುಟ್ಟಿ, “ಆದ್ರೆ ಮಾಮ, ಅವನು ಇನ್ನೂ ಸ್ವಲ್ಪ ಮುಂದೆ ಹೋಗಿದ್ರೆ ವಿರೋಧ ಸಿಗ್ತಿತ್ತೇನೋ?” ಅಂದಳು. ಸರಿಯಾದ ಪ್ರಶ್ನೆ. ಇಷ್ಟು ದಿನ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲವೇ ಇಲ್ಲ ಅಂತ ಆಗುವುದಿಲ್ಲ. ಒಂದು ಮಾತನ್ನು ಸಾಧಿಸಲು ಆಗುವುದೇ ಇಲ್ಲ ಅನ್ನುವುದನ್ನು ಸಾಧಿಸುವುದು ಹೇಗೆ?

ಅಡುಗೆಮನೆಯಿಂದ ಊಟದ ತಟ್ಟೆ ತರಿಸಿದೆ. ಬಿಳಿ ಹಾಳೆಯ ಮೇಲೆ ಬೋರಲು ಇಟ್ಟು ಸುತ್ತ ಪೆನ್ಸಿಲ್ ಎಳೆದೆ. ಈ ವೃತ್ತದ ಒಳಗಿರುವುದೇ ಇಡೀ ಲೋಕ, ಅಂಚು ಲೋಕಕ್ಕೆ ಸೇರಿದ್ದಲ್ಲ. ಇಲ್ಲಿ ‘ಬಿಂದು’ ಅಂದರೆ ಒಳಗಿನ ಬಿಂದು. ‘ಸರಳ ರೇಖೆ’ ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆದ ಜ್ಯಾ. ಎರಡು ಬಿಂದು ಕೊಟ್ಟರೆ ಅವುಗಳ ಮೂಲಕ ಒಂದೇ ಜ್ಯಾ ಹೋಗುತ್ತದೆ, ಸರಿ ತಾನೆ? ಈಗ ಕೆಳಗಡೆ ಅಡ್ಡಲಾಗಿ ಒಂದು ಜ್ಯಾ ಎಳಿ. ಅದರ ಮೇಲಕ್ಕೆ ಒಂದು ಬಿಂದು ಇಡು. ಆ ಬಿಂದುವಿನ ಮೂಲಕ, ಕೆಳಗಿನ ಗೆರೆಯನ್ನು ಮುಟ್ಟದ ಹಾಗೆ ಎಷ್ಟು ಗೆರೆ ಎಳೀಬಹುದು ನೋಡು.

ಅವಳು ಒಂದು ಎಳೆದಳು. ಸ್ಕೇಲನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು. ಮತ್ತೆ ಓರೆ ಮಾಡಿ ಮತ್ತೊಂದು. ಐದಾರು ಎಳೆದ ಮೇಲೆ ಕೈ ನಿಂತಿತು. “ಲೆಕ್ಕಾನೇ ಇಲ್ಲ” ಅಂದಳು. ಆಮೇಲೆ ಥಟ್ಟನೆ, “ಆದ್ರೆ ತಟ್ಟೆ ಆಚೆ ಸೇರುತ್ವಲ್ಲ!”

ಆಚೆ ಅನ್ನುವುದೇ ಇಲ್ಲ. ಈ ಲೋಕದಲ್ಲಿ ದೂರ ಅಳೆಯುವ ನಿಯಮ ಬೇರೆ. ನಡುವಿನಿಂದ ಅಂಚಿನ ಕಡೆ ಹೊರಟವನ ಹೆಜ್ಜೆ, ನಮ್ಮ ಕಣ್ಣಿಗೆ, ಚಿಕ್ಕದಾಗುತ್ತಾ ಹೋಗುತ್ತದೆ. ಅವನ ಕೈಯಲ್ಲಿರುವ ಅಳತೆ ಕೋಲೂ ಚಿಕ್ಕದಾಗುತ್ತದೆ. ಅವನಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಷ್ಟು ನಡೆದರೂ ಅಂಚು ಸಿಗುವುದಿಲ್ಲ. ಅವನ ಪಾಲಿಗೆ ಅದು ಕೊನೆಯಿಲ್ಲದಷ್ಟು ದೂರ. ಕೋನ ಅಳೆಯುವುದಕ್ಕೂ ತಕ್ಕ ನಿಯಮ ಇದೆ. ಹೀಗೆ ಅಳೆದಾಗ ಯೂಕ್ಲಿಡ್‌ನ ಮೊದಲ ನಾಲ್ಕು ಮಾತೂ ಈ ತಟ್ಟೆಯಲ್ಲಿ ನಿಲ್ಲುತ್ತವೆ. ಐದನೆಯದು ಬಿದ್ದುಹೋಗುತ್ತದೆ. ಐದನೆಯದು ಮೊದಲ ನಾಲ್ಕರಿಂದ ಹುಟ್ಟುವಂಥದ್ದಾಗಿದ್ದರೆ, ಆ ನಾಲ್ಕು ಇರುವ ಕಡೆಯೆಲ್ಲ ಅದೂ ಇರಬೇಕಿತ್ತು. ಇಲ್ಲಿ ಇಲ್ಲ. ಹಾಗಾಗಿ ಹುಟ್ಟುವುದಿಲ್ಲ. ಎರಡು ಸಾವಿರ ವರ್ಷದ ಹುಡುಕಾಟ ಒಂದು ತಟ್ಟೆಯೊಳಗೆ ಮುಗಿಯಿತು.

ಈ ದಾರಿ ತೋರಿಸಿದವನು ಇಟಲಿಯ ಬೆಲ್ಟ್ರಾಮಿ, 1868ರಲ್ಲಿ. ಮೂರು ವರ್ಷದ ನಂತರ ಜರ್ಮನಿಯ ಕ್ಲೈನ್ ಅಳತೆಯ ನಿಯಮವನ್ನು ಇನ್ನೂ ಅಚ್ಚುಕಟ್ಟು ಮಾಡಿದ. ಗೌಸ್, ಲೊಬಚೆವ್‌ಸ್ಕಿ, ಯಾನೋಶ್ ಮೂವರೂ ಅಷ್ಟರಲ್ಲಿ ತೀರಿಹೋಗಿದ್ದರು. ಪುಟ್ಟಿಯ ಅನುಮಾನಕ್ಕೂ ಇಲ್ಲೇ ಉತ್ತರ ಇದೆ. ಈ ತಟ್ಟೆಯನ್ನು ನಾವು ಬರೆದದ್ದು ಯೂಕ್ಲಿಡ್‌ನ ಕಾಗದದ ಮೇಲೆ. ಹೊಸ ರೇಖಾಗಣಿತದಲ್ಲಿ ಒಂದು ವಿರೋಧ ಸಿಕ್ಕರೆ, ಅದು ಹಳೆಯದರಲ್ಲೂ ಇರಲೇಬೇಕು. ಮುಳುಗಿದರೆ ಎರಡೂ ಒಟ್ಟಿಗೇ ಮುಳುಗುತ್ತವೆ.

“ಹಾಗಾದ್ರೆ ಯಾವುದು ನಿಜ?”

ಹಿತ್ತಲಿಗೆ ಕರೆದುಕೊಂಡು ಹೋದೆ. ಕೋಳಿಜುಟ್ಟಿನ ಹೂವು ಬಿಟ್ಟಿತ್ತು. ಅದರ ಅಂಚು ನೋಡಿದ್ದೀರಲ್ಲ, ಜಾಗ ಸಾಲದೆ ಮಡಿಚಿ ಮಡಿಚಿ ನಿರಿಗೆ ಹಿಡಿದ ಹಾಗಿರುತ್ತದೆ. ಅಂಥ ಮೈಮೇಲೆ ಆದಷ್ಟು ನೇರವಾದ ಗೆರೆಗಳಿಂದ ತ್ರಿಭುಜ ಬರೆದರೆ ಕೋನಗಳ ಮೊತ್ತ 180ಕ್ಕಿಂತ ಕಡಿಮೆ ಬರುತ್ತದೆ. ಮೂಸಂಬಿ ಹಣ್ಣಿನ ಮೇಲೆ ಬರೆದರೆ ಜಾಸ್ತಿ ಬರುತ್ತದೆ. ಹಣ್ಣನ್ನು ಎಂಟು ಸಮ ಭಾಗ ಮಾಡುವ ಹಾಗೆ ಮೂರು ಸುತ್ತು ಗೆರೆ ಎಳೆದರೆ, ಒಂದೊಂದು ತುಂಡಿಗೂ ಮೂರು ಲಂಬಕೋನ, ಒಟ್ಟು 270. ಚೆಂಡಿನ ಮೇಲಿನ ಈ ಲೆಕ್ಕ ಜ್ಯೋತಿಷಿಗಳಿಗೆ, ನಾವಿಕರಿಗೆ ಯಾವಾಗಲೋ ಗೊತ್ತಿತ್ತು. ಆದರೂ ಅದನ್ನು ಯಾರೂ ಐದನೆಯ ಮಾತಿಗೆ ಉತ್ತರ ಅಂದುಕೊಳ್ಳಲಿಲ್ಲ. ಯಾಕೆಂದರೆ ಚೆಂಡಿನ ಮೇಲೆ ಗೆರೆಯನ್ನು ಕೊನೆಯಿಲ್ಲದೆ ಬೆಳೆಸಲು ಆಗುವುದಿಲ್ಲ, ಸುತ್ತಿಕೊಂಡು ಹೊರಟ ಕಡೆಗೇ ಬರುತ್ತದೆ. ಅಲ್ಲಿ ಬೇರೆ ಪ್ರತಿಜ್ಞೆಗಳೂ ಅಲ್ಲಾಡುತ್ತವೆ. ನಾವಿರುವ ಆಕಾಶ ಯಾವ ಬಗೆಯದು ಅನ್ನುವುದು ಅಳೆದು ನೋಡುವವರ ಕೆಲಸ. 1854ರಲ್ಲಿ ರೀಮಾನ್ ಕೊಟ್ಟ ಒಂದು ಉಪನ್ಯಾಸದಲ್ಲಿ ಜಾಗದಿಂದ ಜಾಗಕ್ಕೆ ಬಾಗು ಬದಲಾಗುವ ರೇಖಾಗಣಿತ ಇತ್ತು. 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ಅರ್ಥ ಮಾಡಿಸಿದ್ದು ಅದರ ಮೇಲೆ ನಿಂತು.

ಇಷ್ಟಾದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಪ್ರತಿಜ್ಞೆಗಳು ಬರೀ ಆಟದ ನಿಯಮ, ಯಾವುದು ಬೇಕಾದರೂ ಇಟ್ಟುಕೊಳ್ಳಬಹುದು ಅನ್ನುತ್ತಾರೆ. ನನಗೆ ಇದೂ ಒಪ್ಪಿಗೆಯಿಲ್ಲ. ಯಾನೋಶ್ ಮನಸ್ಸಿಗೆ ಬಂದ ಮಾತನ್ನು ಬರೆದುಕೊಳ್ಳಲಿಲ್ಲ. ಒಂದು ಮಾತನ್ನು ತೆಗೆದರೆ ಏನೆಲ್ಲ ನಿಲ್ಲುತ್ತದೆ, ಏನೆಲ್ಲ ಕುಸಿಯುತ್ತದೆ ಅಂತ ವರ್ಷಗಟ್ಟಲೆ ತೂಗಿ ನೋಡಿದ. ಕೇಳಿಕೊಳ್ಳುವವನಿಗೆ ಒಂದು ಜವಾಬ್ದಾರಿ ಇದೆ. ಕಡಿಮೆ ಕೇಳಬೇಕು. ಕೇಳಿದ್ದನ್ನು ಬಚ್ಚಿಡಬಾರದು. ಕೊಟ್ಟದ್ದರಿಂದ ಏನು ಮಾಡಿದೆ ಅಂತ ತೋರಿಸಬೇಕು. ಯೂಕ್ಲಿಡ್ ಐದು ಮಾತು ಕೇಳಿಕೊಂಡು ಮೊದಲ ಭಾಗದಲ್ಲೇ 48 ಪ್ರಮೇಯ ಕಟ್ಟಿಕೊಟ್ಟ.

ಅವನೂ ಒಂದೆರಡು ಕಡೆ ಕೇಳದೆಯೇ ತೆಗೆದುಕೊಂಡಿದ್ದಾನೆ. ಮೊಟ್ಟಮೊದಲ ಪ್ರಮೇಯವನ್ನೇ ನೋಡಿ. ಒಂದು ಗೆರೆ ಕೊಟ್ಟರೆ ಅದರ ಮೇಲೆ ಸಮಬಾಹು ತ್ರಿಭುಜ ರಚಿಸಬೇಕು. ಕೈವಾರವನ್ನು ಗೆರೆಯಷ್ಟೇ ಅಗಲ ತೆರೆದು ಒಂದು ತುದಿಯಿಂದ ಒಂದು ವೃತ್ತ, ಇನ್ನೊಂದು ತುದಿಯಿಂದ ಇನ್ನೊಂದು ವೃತ್ತ. ಎರಡೂ ಕೂಡುವ ಕಡೆಯೇ ಮೂರನೆಯ ಮೂಲೆ. ಆದರೆ ಎರಡೂ ಕೂಡುತ್ತವೆ ಅಂತ ಯಾರು ಹೇಳಿದರು? ಐದು ಮಾತಿನಲ್ಲಿ ಅದು ಇಲ್ಲ. ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಅಳತೆಯ ಬಿಂದುಗಳು ಮಾತ್ರ ಇರುವ ಒಂದು ಹಾಳೆಯನ್ನು ಊಹಿಸಿಕೊಳ್ಳಿ. ಗೆರೆಯ ಉದ್ದ 1 ಆದರೆ ಮೂರನೆಯ ಮೂಲೆಯ ಎತ್ತರ ಮೂರರ ವರ್ಗಮೂಲದ ಅರ್ಧ. ಅದನ್ನು ಭಿನ್ನರಾಶಿಯಾಗಿ ಬರೆಯಲು ಆಗುವುದಿಲ್ಲ. ಆ ಹಾಳೆಯಲ್ಲಿ ಎರಡು ವೃತ್ತಗಳೂ ಒಂದನ್ನೊಂದು ಮುಟ್ಟದೆ ದಾಟಿ ಹೋಗುತ್ತವೆ! ನಾವು ಅದನ್ನು ಎರಡು ಸಾವಿರ ವರ್ಷ ಗಮನಿಸಲಿಲ್ಲ, ಯಾಕೆಂದರೆ ಚಿತ್ರದಲ್ಲಿ ಅವು ಕೂಡುವುದು ಕಾಣುತ್ತಿತ್ತು. 1899ರಲ್ಲಿ ಹಿಲ್ಬರ್ಟ್ ಇಂಥ ತೂತುಗಳನ್ನೆಲ್ಲ ಮುಚ್ಚಿ ರೇಖಾಗಣಿತಕ್ಕೆ ಹೊಸ ಪಟ್ಟಿ ಬರೆದ. ಬಿಂದು, ರೇಖೆ, ಸಮತಲ ಅನ್ನುವ ಕಡೆ ಮೇಜು, ಕುರ್ಚಿ, ಬಿಯರ್ ಲೋಟ ಅಂದರೂ ಸಾಧನೆಗಳು ಹಾಗೇ ನಿಲ್ಲಬೇಕು ಅಂತ ಅವನು ಹೇಳುತ್ತಿದ್ದ. ಬಿಂದು ಅಂದರೆ ಏನು ಅಂತ ಅವನು ಹೇಳುವುದೇ ಇಲ್ಲ. ಅದು ಏನನ್ನು ಪಾಲಿಸುತ್ತದೆ ಅಂತ ಮಾತ್ರ ಹೇಳುತ್ತಾನೆ. ಚಿತ್ರ ನೋಡಿ ಮೋಸ ಹೋಗುವ ದಾರಿ ಆಗ ಮುಚ್ಚುತ್ತದೆ.

ಇದೇ ಹೊತ್ತಿಗೆ ಗಾಟ್ಲೊಬ್ ಫ್ರೇಗ ಅಂಕಗಣಿತವನ್ನೆಲ್ಲ ಬರೀ ತರ್ಕದ ಮೇಲೆ ನಿಲ್ಲಿಸಲು ಹೊರಟಿದ್ದ. ಅವನ ಪಟ್ಟಿಯಲ್ಲೂ ಒಂದು ಐದನೆಯ ನಿಯಮ ಇತ್ತು. ಯಾವ ಗುಣ ಹೇಳಿದರೂ ಆ ಗುಣ ಇರುವವುಗಳದೊಂದು ಗುಂಪು ಇರುತ್ತದೆ ಅನ್ನುವುದು ಅದರಿಂದ ಬರುತ್ತಿತ್ತು. ಸಹಜ, ಅಲ್ವಾ? 1902ರ ಜೂನ್ 16ರಂದು ಬರ್ಟ್ರಂಡ್ ರಸೆಲ್ ಅವನಿಗೆ ಒಂದು ಕಾಗದ ಬರೆದ. ತನ್ನೊಳಗೆ ತಾನೇ ಸೇರದ ಗುಂಪುಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿ. ಆ ಗುಂಪು ತನ್ನೊಳಗೆ ಸೇರುತ್ತದೆಯೇ? ಸೇರಿದರೆ ಸೇರಬಾರದು, ಸೇರದಿದ್ದರೆ ಸೇರಬೇಕು. ಫ್ರೇಗನ ಎರಡನೆಯ ಸಂಪುಟ ಆಗ ಅಚ್ಚಿನ ಮನೆಯಲ್ಲಿತ್ತು. ಅವನು ಮುಚ್ಚಿಡಲಿಲ್ಲ. 1903ರಲ್ಲಿ ಪುಸ್ತಕ ಬಂದಾಗ, ಕಟ್ಟಡ ಮುಗಿಯುವ ಹೊತ್ತಿಗೆ ಅಡಿಪಾಯ ಅಲುಗಿತು ಅಂತ ತಾನೇ ಒಂದು ಅನುಬಂಧದಲ್ಲಿ ಬರೆದ. ಉಳಿದ ನಿಯಮಗಳಷ್ಟು ಇದು ನಿಚ್ಚಳವಾಗಿಲ್ಲ ಅಂತ ಮೊದಲಿನಿಂದಲೂ ತನಗೆ ಅನ್ನಿಸಿತ್ತು ಅಂತಲೂ ಅಲ್ಲೇ ಒಪ್ಪಿಕೊಂಡ.

ಅದನ್ನು ಓದಿದಾಗ ನನಗೆ ಮೈ ಜುಂ ಅಂತು. ಅವನಿಗೂ ಐದನೆಯದೇ ಮುಳ್ಳು. ಯೂಕ್ಲಿಡ್‌ಗೆ ಚುಚ್ಚಿದ್ದು ಸರಿಯಾದ ಕೋರಿಕೆ ಅಂತ ತಿಳಿಯಲು ಎರಡು ಸಾವಿರ ವರ್ಷ ಹಿಡಿಯಿತು. ಫ್ರೇಗನಿಗೆ ಚುಚ್ಚಿದ್ದು ಇಡೀ ಮನೆಯನ್ನೇ ಉರುಳಿಸಿತು. ಚುಚ್ಚಿದಾಗ ಎರಡೂ ಒಂದೇ ಥರ ಇದ್ದಿರಬೇಕು. ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಹೊಳೆಯುತ್ತದೆ ಅನ್ನುವುದು ಯಾವುದನ್ನೂ ತೀರ್ಮಾನ ಮಾಡುವುದಿಲ್ಲ. ಕೇಳಿಕೊಂಡದ್ದನ್ನು ಹೊರಗೆ, ಎಲ್ಲರೂ ಓದುವ ಹಾಗೆ ಬರೆದಿಟ್ಟಿದ್ದರಿಂದಲೇ ರಸೆಲ್‌ಗೆ ಅದನ್ನು ಹಿಡಿಯಲು ಆಯಿತು.

ಆಮೇಲೆ 1908ರಲ್ಲಿ ಜರ್ಮೆಲೊ ಗುಂಪುಗಳಿಗೆ ಎಚ್ಚರಿಕೆಯ ಹೊಸ ಪಟ್ಟಿ ಕೊಟ್ಟ. ಅದರಲ್ಲಿದ್ದ ‘ಆಯ್ಕೆಯ ಪ್ರತಿಜ್ಞೆ’ಯ ಮೇಲೂ, ಅಂದರೆ ಬರಿದಲ್ಲದ ಗುಂಪುಗಳು ಎಷ್ಟೇ ಇದ್ದರೂ ಒಂದೊಂದರಿಂದ ಒಂದೊಂದನ್ನು ಆರಿಸಿಕೊಳ್ಳಬಹುದು ಅನ್ನುವ ಮಾತಿನ ಮೇಲೂ, ದೊಡ್ಡ ಜಗಳ ನಡೆಯಿತು. ಅದನ್ನು ಉಳಿದವುಗಳಿಂದ ಅಲ್ಲಗಳೆಯಲು ಆಗುವುದಿಲ್ಲ ಅಂತ 1938ರಲ್ಲಿ ಗೋಡೆಲ್, ಸಾಧಿಸಲೂ ಆಗುವುದಿಲ್ಲ ಅಂತ 1963ರಲ್ಲಿ ಕೊಹೆನ್ ತೋರಿಸಿದರು. ಬಳಸಿದ್ದು ತಟ್ಟೆಯ ಉಪಾಯವನ್ನೇ, ತಟ್ಟೆ ಮಾತ್ರ ಬಹಳ ದೊಡ್ಡದು. ಅಂಕಗಣಿತವನ್ನು ಒಳಗೊಂಡ, ವಿರೋಧವಿಲ್ಲದ ಯಾವ ಪಟ್ಟಿ ಬರೆದರೂ, ಅದರಲ್ಲಿ ಏನಿದೆ ಏನಿಲ್ಲ ಅಂತ ಲೆಕ್ಕ ಹಾಕಿ ಹೇಳುವ ಹಾಗಿದ್ದರೆ, ಆ ಪಟ್ಟಿ ಸಾಧಿಸಲಾರದ ನಿಜವೊಂದು ಹೊರಗೆ ಉಳಿದೇ ಉಳಿಯುತ್ತದೆ ಅಂತ ಗೋಡೆಲ್ 1931ರಲ್ಲೇ ಸಾಧಿಸಿದ್ದ. ಇವನ್ನೆಲ್ಲ ಆ ಮಧ್ಯಾಹ್ನ ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಕಾಫಿಗೆ ಕರೆದಳು.

ಮಾರನೆಯ ದಿನ ನೋಡಿದರೆ ಪುಟ್ಟಿ ಕೆಂಪು ಪೆನ್ನು ಹಿಡಿದು ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತಾ ಕೂತಿದ್ದಳು. ಐದನೆಯ ಮಾತಿನ ಮೇಲೆ ನಿಂತ ಪ್ರಮೇಯಗಳಿಗೆಲ್ಲ ಪಕ್ಕದಲ್ಲಿ ಒಂದು ಚುಕ್ಕೆ. ಶೃಂಗಾಭಿಮುಖ ಕೋನಗಳು ಸಮ ಅನ್ನುವುದಕ್ಕೆ ಚುಕ್ಕೆ ಇಲ್ಲ. ಸಮದ್ವಿಬಾಹು ತ್ರಿಭುಜಕ್ಕೆ ಇಲ್ಲ. ಕೋನಗಳ ಮೊತ್ತಕ್ಕೆ ಇದೆ. ಪೈಥಾಗೊರಸ್‌ಗೆ ಮೊದಲು ಹಾಕಿರಲಿಲ್ಲ, ಆಮೇಲೆ ಸೇರಿಸಿದ್ದಳು. ಯಾನೋಶ್ ಮಾಡಿದ ವಿಂಗಡಣೆಯೂ ಇದೇ ಅಂತ ಹೇಳಿದಾಗ ತಲೆ ಎತ್ತದೆ “ಹೂಂ” ಅಂದಳು.

ರಜೆ ಮುಗಿದು ಊರಿಗೆ ಹೋದ ಮೇಲೆ ಒಂದು ರಾತ್ರಿ ಫೋನ್ ಮಾಡಿದಳು. “ಮಾಮ, ಅರ್ಧವೃತ್ತದಲ್ಲಿರೋ ಕೋನ ಲಂಬಕೋನ ಅಂತಾರಲ್ಲ, ಅದಕ್ಕೂ ಚುಕ್ಕೆ ಹಾಕ್ಬೇಕಾ?”

“ನೀನೇ ನೋಡು. ಕೇಂದ್ರದಿಂದ ಆ ಮೂಲೆಗೆ ಒಂದು ತ್ರಿಜ್ಯ ಎಳೆದ್ರೆ ಏನಾಗುತ್ತೆ?”

“ಎರಡು ಸಮದ್ವಿಬಾಹು ತ್ರಿಭುಜ. ಅವಕ್ಕೆ ಚುಕ್ಕೆ ಇಲ್ಲ. ಮೇಲಿನ ಕೋನ ಕೆಳಗಿನ ಎರಡರ ಮೊತ್ತದಷ್ಟೇ ಇರುತ್ತೆ.” ಸ್ವಲ್ಪ ಹೊತ್ತು ಪೆನ್ಸಿಲಿನ ಸದ್ದು ಮಾತ್ರ ಕೇಳಿಸಿತು. “ಅಂದ್ರೆ ಅದು ಒಟ್ಟು ಮೊತ್ತದ ಅರ್ಧ. 180 ಆದ್ರೆ 90. ತಟ್ಟೆಯಲ್ಲಾದ್ರೆ ಮೊತ್ತ 180ಕ್ಕಿಂತ ಕಡಿಮೆ, ಆಗ ಇದು 90ಕ್ಕಿಂತ ಕಡಿಮೆ... ಮಾಮ, ಇರು, ಕೆಂಪು ಪೆನ್ನು ತರ್ತೀನಿ.”